ಕ್ರ್ಯಾಂಕ್ ಅಗ್ಗ, ಅದು ತಿರುಗುವ ಜಾಗ ದುಬಾರಿ

ಹೊಸ ಕ್ರ್ಯಾಂಕನ್ನು, ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗಾಟ ಮಾಡುವ ದಂಡವನ್ನು, ಎಂಜಿನ್ ಬ್ಲಾಕಿನಲ್ಲಿ ಕೂರಿಸಿ, ರಿಂಗ್ ಹಾಕದ ಒಂದೇ ಒಂದು ಪಿಸ್ಟನ್ ಇಳಿಸಿ, ಕೈಯಿಂದ ಮೆಲ್ಲಗೆ ತಿರುಗಿಸಿದೆ. ಅರ್ಧ ಸುತ್ತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಆಮೇಲೆ ಟಕ್. ನಿಂತೇಬಿಟ್ಟಿತು. ಟಾರ್ಚ್ ಹಿಡಿದು ನೋಡಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡಿನ ಬೋಲ್ಟ್ ತಲೆ ಸಿಲಿಂಡರಿನ ಕೆಳ ಅಂಚಿಗೆ ತಾಗಿ ಕೂತಿದೆ. ಪಕ್ಕದಲ್ಲಿದ್ದ ಗೆಳೆಯನ ಮುಖ ಬಾಡಿತು, ನನಗೆ ಮಾತ್ರ ನಗು. ಏಕೆಂದರೆ ಇದಕ್ಕೂ ಹಿಂದಿನ ಎಂಜಿನ್‌ನಲ್ಲಿ ನಾನು ಈ ಕೈ ತಿರುಗಿಸುವ ಕೆಲಸವನ್ನು ಎರಡೇ ಸಿಲಿಂಡರಿಗೆ ಮಾಡಿ, ಉಳಿದದ್ದೂ ಹೀಗೇ ಇರುತ್ತೆ ಬಿಡು ಅಂತ ಮುಚ್ಚಿದ್ದೆ. ಅದರ ಕತೆ ಸುದೀರ್ಘ, ಇಲ್ಲಿ ಬೇಡ. ಒಂದು ರಾಡ್ ಬ್ಲಾಕಿನ ಗೋಡೆಯಲ್ಲಿ ಕಿಟಕಿ ತೆಗೆದುಕೊಂಡು ಹೊರಗೆ ಬಂತು ಅಂದರೆ ಸಾಕು.

ಕಡಿಮೆ ದುಡ್ಡಿನಲ್ಲಿ ಸ್ಟ್ರೋಕರ್, ಅಂದರೆ ಪಿಸ್ಟನ್ ಓಡುವ ದೂರ ಜಾಸ್ತಿ ಮಾಡಿ ಸಿಸಿ ಏರಿಸಿದ ಎಂಜಿನ್, ಕಟ್ಟಬೇಕು ಅಂತ ಹೊರಟವರೆಲ್ಲ ಮೊದಲು ಕೇಳುವುದು ಕ್ರ್ಯಾಂಕ್ ಎಷ್ಟು, ಎಲ್ಲಿ ಸಿಗುತ್ತೆ ಅಂತ. ಅದು ತಪ್ಪು ಪ್ರಶ್ನೆ. ಕ್ರ್ಯಾಂಕ್ ಈಗ ಅಗ್ಗ. ಅದು ತಿರುಗುವುದಕ್ಕೆ ಜಾಗ ಮಾಡಿಕೊಡುವುದು, ಅಳೆಯುವುದು, ಮತ್ತೆ ಅಳೆಯುವುದು, ಅದಕ್ಕೆ ಸಾಕಾಗುವಷ್ಟು ಗಾಳಿ ಕೊಡುವುದು, ದುಡ್ಡು ಹೋಗುವುದು ಅಲ್ಲಿ.

ಲೆಕ್ಕ ನೋಡಿ. ನನ್ನದು ಹಳೇ ಶೆವ್ರೊಲೆ 350 ಸ್ಮಾಲ್ ಬ್ಲಾಕ್ ಎಂಜಿನ್, 350 ಅಂದರೆ ಘನ ಇಂಚಿನಲ್ಲಿ ಅದರ ಗಾತ್ರ. ಬೋರ್ (ಸಿಲಿಂಡರಿನ ಅಗಲ) 101.6 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.4 ಮಿ.ಮೀ., ಎಂಟು ಸಿಲಿಂಡರ್, ಒಟ್ಟು ಸುಮಾರು 5,730 ಸಿಸಿ. ಬ್ಲಾಕ್ ಸವೆದಿದೆ ಅಂತ 0.76 ಮಿ.ಮೀ. ರೀಬೋರ್ ಮಾಡಿಸಿದರೆ ಸಿಗುವುದು 90 ಸಿಸಿಯೂ ಇಲ್ಲ. ಅದೇ ಸ್ಟ್ರೋಕನ್ನು 95.25ಕ್ಕೆ ಏರಿಸಿದರೆ ಇನ್ನೂ 450 ಸಿಸಿ. ಎರಡೂ ಸೇರಿ 6,270 ಸಿಸಿ. ಇದನ್ನೇ 383 ಅಂತಾರೆ. ಬೋರ್ ಎಷ್ಟು ದೊಡ್ಡದು ಮಾಡಬಹುದು ಅನ್ನುವುದಕ್ಕೆ ಸಿಲಿಂಡರ್ ಗೋಡೆಯ ದಪ್ಪವೇ ಮಿತಿ. ಸ್ಟ್ರೋಕಿಗೆ ಆ ಮಿತಿ ಇಲ್ಲ, ಬೇರೆ ಮಿತಿಗಳಿವೆ.

ಇದು ಶುರುವಾದದ್ದೇ ಬಡವರ ಉಪಾಯವಾಗಿ. 1970ರಲ್ಲಿ ಅದೇ ಕಂಪನಿ 400 ಸ್ಮಾಲ್ ಬ್ಲಾಕ್ ತಂದಿತು, ಅದರ ಕ್ರ್ಯಾಂಕಿನ ಸ್ಟ್ರೋಕ್ 95.25. ಮೇನ್ ಜರ್ನಲ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂತು ತಿರುಗುವ ದುಂಡು ಭಾಗ) ಮಾತ್ರ ದಪ್ಪ, 67.3 ಮಿ.ಮೀ., 350ರದ್ದು 62.2. ಜನ ಗುಜರಿಯಿಂದ 400ರ ಕ್ರ್ಯಾಂಕ್ ತಂದು, ಜರ್ನಲನ್ನು 5 ಮಿ.ಮೀ. ಗ್ರೈಂಡ್ ಮಾಡಿಸಿ 350ರೊಳಗೆ ಇಳಿಸಿದರು. ಈಗ ಆ ತಾಪತ್ರಯ ಇಲ್ಲ, 350ರ ಜರ್ನಲ್ ಅಳತೆಗೇ ಎರಕ ಹೊಯ್ದ ಕ್ರ್ಯಾಂಕ್ ಹೊಸದಾಗಿಯೇ ಸಿಗುತ್ತೆ. ಆದರೆ ಉಪಾಯ ಎಲ್ಲ ಕಡೆ ಒಂದೇ: ಅದೇ ಕುಟುಂಬದ ದೊಡ್ಡಣ್ಣನನ್ನು ಹುಡುಕಿ. ಬಿಎಂಡಬ್ಲ್ಯೂ ಎಂ20 2.5 ಲೀಟರಿಗೆ 2.7ರ ಕ್ರ್ಯಾಂಕ್ ಹಾಕಿದರೆ ಸ್ಟ್ರೋಕ್ 75ರಿಂದ 81. ಮಿತ್ಸುಬಿಷಿ 4ಜಿ63ಗೆ 4ಜಿ64ರದ್ದು ಹಾಕಿದರೆ 88ರಿಂದ 100. ಜೀಪಿನ 4.0 ಆರು ಸಿಲಿಂಡರಿಗೆ ಹಳೇ 4.2ರದ್ದು. ನಿಮ್ಮ ಎಂಜಿನ್‌ಗೆ ಅಂಥ ಅಣ್ಣ ಇಲ್ಲದಿದ್ದರೆ, ಉಕ್ಕಿನ ಗಟ್ಟಿಯಿಂದ ಕೆತ್ತುವ ಬಿಲ್ಲೆಟ್ ಕ್ರ್ಯಾಂಕ್ ಹೇಳಿ ಮಾಡಿಸಬೇಕಾಗಿ ಬಂದರೆ, ಬಜೆಟ್ ಅನ್ನುವ ಮಾತು ಅಲ್ಲಿಗೇ ಬಿಟ್ಟುಬಿಡಿ.

ಇದೆಲ್ಲಕ್ಕಿಂತ ಮೊದಲು ನಿಮ್ಮ ರೇಸ್ ಕ್ಲಾಸಿನ ನಿಯಮ ಪುಸ್ತಕ ಓದಿ. ಕೆಲವು ಕ್ಲಾಸಿನಲ್ಲಿ ಸಿಸಿಗೆ ತಕ್ಕ ಹಾಗೆ ತೂಕ ಏರಿಸುತ್ತಾರೆ, ಕೆಲವದರಲ್ಲಿ ಸ್ಟ್ರೋಕ್ ಮುಟ್ಟುವ ಹಾಗೇ ಇಲ್ಲ. ಎಂಜಿನ್ ಕಟ್ಟಿದ ಮೇಲೆ ಗೊತ್ತಾದರೆ ಅಳಬೇಕಷ್ಟೇ.

ಈಗ ಎತ್ತರದ ಲೆಕ್ಕ. ಸ್ಟ್ರೋಕ್ 6.85 ಮಿ.ಮೀ. ಜಾಸ್ತಿಯಾದರೆ ಪಿಸ್ಟನ್ ಮೇಲಕ್ಕೆ ಅದರ ಅರ್ಧ, ಅಂದರೆ 3.4 ಮಿ.ಮೀ. ಜಾಸ್ತಿ ಏರುತ್ತೆ. ಹಳೇ ಪಿಸ್ಟನ್ನೇ ಹಾಕಿದರೆ ಅದು ಬ್ಲಾಕ್ ದಾಟಿ ನೇರ ಹೆಡ್ಡಿಗೆ ಹೋಗಿ ಗುದ್ದುತ್ತೆ. ಅದಕ್ಕೇ ಸ್ಟ್ರೋಕರ್ ಪಿಸ್ಟನ್ನಿನಲ್ಲಿ ಪಿನ್ ಮೇಲಕ್ಕಿರುತ್ತೆ. ಕಾಗದದ ಮೇಲೆ ಕೂಡಿಸಿ ನೋಡಿ: ಸ್ಟ್ರೋಕಿನ ಅರ್ಧ 47.6, ರಾಡ್ ಉದ್ದ 144.8, ಪಿನ್ನಿನಿಂದ ಪಿಸ್ಟನ್ ತಲೆಗೆ 36.2. ಒಟ್ಟು 228.6. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈಗೆ 229.2. ಉಳಿದದ್ದು 0.6 ಮಿ.ಮೀ. ಈ ನಾಲ್ಕು ಸಂಖ್ಯೆ ಕೂಡಿಸಿ ಕಳೆಯದೆ ಯಾರಾದರೂ ಪಿಸ್ಟನ್ ಆರ್ಡರ್ ಮಾಡಿದರೆ ನನಗೆ ಮೈ ಉರಿಯುತ್ತೆ.

ಉದ್ದ ರಾಡ್ ಹಾಕಬೇಕೋ ಬೇಡವೋ ಅಂತ ಜನ ವರ್ಷಗಟ್ಟಲೆ ಜಗಳ ಆಡುತ್ತಾರೆ. 152.4 ಮಿ.ಮೀ. ರಾಡ್ ಹಾಕಿದರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಒತ್ತುವುದು ಸ್ವಲ್ಪ ಕಡಿಮೆಯಾಗುತ್ತೆ, ಪಿಸ್ಟನ್ ಹಗುರವಾಗುತ್ತೆ, ನಿಜ. ಆದರೆ ಪಿನ್ ಇನ್ನೂ ಮೇಲೆ ಹೋಗಿ ಆಯಿಲ್ ರಿಂಗಿನ ಜಾಗಕ್ಕೇ ನುಗ್ಗುತ್ತೆ, ಅದಕ್ಕೊಂದು ಆಸರೆ ಪಟ್ಟಿ ಬೇಕಾಗುತ್ತೆ. ನಾನು 144.8ರಲ್ಲೇ ಉಳಿದೆ. ಉದ್ದಕ್ಕಿಂತ ನನಗೆ ಬೋಲ್ಟ್ ಮುಖ್ಯ. ಹಳೇ ರಾಡಿಗೆ ಹೊಸ ಬೋಲ್ಟ್ ಹಾಕಿಸಿ, ದೊಡ್ಡ ತುದಿಯನ್ನು ಮತ್ತೆ ದುಂಡಗೆ ಹೋನ್ ಮಾಡಿಸಿ, ಬಿರುಕು ಪರೀಕ್ಷೆ ಮಾಡಿಸುವ ಹೊತ್ತಿಗೆ ಮೂಗಿಗಿಂತ ಮೂಗುತಿ ಭಾರ. ಹೊಸ ರಾಡ್ ತಗೊಳ್ಳಿ. ಅದೂ ನಟ್ ಇರುವುದಲ್ಲ, ಕೆಳಗಿನ ಕ್ಯಾಪಿನಿಂದ ಮೇಲಕ್ಕೆ ಸ್ಕ್ರೂ ಹೋಗುವಂಥದ್ದು, ಅದರ ಭುಜ ಸಣ್ಣದಿರುತ್ತೆ. ಮೊದಲ ಸಲ ಟಕ್ ಅಂದಿದ್ದು ನಟ್ ಇರುವ ಹಳೇ ರಾಡಿನಿಂದಲೇ. ಅಳತೆಗೆ ಅಂತ ಹಾಕಿ ನೋಡಿದ್ದೆ.

ಜಾಗ ಮಾಡುವುದು ಹೀಗೆ. ಪ್ರತಿ ಸಿಲಿಂಡರಿನಲ್ಲೂ ರಾಡ್ ತಾಗುವ ಕಡೆ ಮಾರ್ಕರಿನಿಂದ ಗುರುತು ಹಾಕಿ, ಕೈ ಗ್ರೈಂಡರಿನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಕನಿಷ್ಠ 1.5 ಮಿ.ಮೀ. ಸಂದು ಬೇಕು. ಒಂದೇ ಸಲ ಜಾಸ್ತಿ ಅಗೆದರೆ ನೀರಿನ ಜಾಕೆಟ್ ಬಾಯಿ ಬಿಡುತ್ತೆ, ಬ್ಲಾಕ್ ಗುಜರಿಗೆ. ಬ್ಲಾಕಿಗಿಂತ ಮೋಸ ಮಾಡುವುದು ಕ್ಯಾಮ್, ಅಂದರೆ ವಾಲ್ವ್‌ಗಳನ್ನು ತೆರೆಯುವ ದಂಡ. ರಾಡಿನ ಭುಜ ಕ್ಯಾಮಿನ ಉಬ್ಬಿನ ಹತ್ತಿರ ಹಾದು ಹೋಗುತ್ತೆ, ಅಲ್ಲಿ 1.3 ಮಿ.ಮೀ. ಆದರೂ ಇರಬೇಕು. ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಹಾಗಾಗಿ ಒಂದು ಸುತ್ತು ತಿರುಗಿಸಿ ಸರಿ ಇದೆ ಅಂದರೆ ಆಗಲ್ಲ, ಎರಡು ಸುತ್ತು ಪೂರ್ತಿ ನೋಡಬೇಕು. ಅದೂ ಟೈಮಿಂಗ್ ಚೈನ್ ಹಾಕಿ, ಕೊನೆಗೆ ಓಡಿಸುವ ಡಿಗ್ರಿಯಲ್ಲೇ ಕ್ಯಾಮ್ ಇಟ್ಟು. ಆಮೇಲೆ ನಾಲ್ಕು ಡಿಗ್ರಿ ಹಿಂದೆ ಮುಂದೆ ಮಾಡಿದರೆ ಈ ಸಂದೂ ಬದಲಾಗುತ್ತೆ. ನಾನು ಎಂಟೂ ಸಿಲಿಂಡರಿಗೆ ಮಾಡಿ ಮುಗಿಸಲು ಎರಡು ದಿನ ಹಿಡಿಯಿತು. ಖರ್ಚು ಸೊನ್ನೆ. ಗ್ರೈಂಡಿಂಗ್ ಎಲ್ಲ ಮುಗಿದ ಮೇಲೆಯೇ ಬ್ಲಾಕನ್ನು ಬೋರಿಂಗಿಗೆ ಕಳಿಸಿ, ತಂದ ಮೇಲೆ ಸೋಪು ನೀರು, ಬ್ರಷ್ ಹಿಡಿದು ಆಯಿಲ್ ದಾರಿಗಳನ್ನೆಲ್ಲ ತಿಕ್ಕಿ ತೊಳೆಯಿರಿ. ಬಿಳಿ ಬಟ್ಟೆಯಲ್ಲಿ ಸಿಲಿಂಡರ್ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಬರಬೇಕು. ಅಲ್ಲಿವರೆಗೂ ತೊಳೆಯಿರಿ.

ಬ್ಯಾಲೆನ್ಸಿಂಗ್ ಬಗ್ಗೆ ನನ್ನದೇ ದಡ್ಡತನ ಒಂದಿದೆ. 400ರ ಕ್ರ್ಯಾಂಕಿನಲ್ಲಿ ಎದುರು ತೂಕಕ್ಕೆ ಒಳಗೆ ಜಾಗ ಸಾಲದೆ, ಮುಂದಿನ ಡ್ಯಾಂಪರ್ (ನಡುಕ ಹೀರುವ ಚಕ್ರ) ಮತ್ತು ಹಿಂದಿನ ಫ್ಲೈವೀಲಿನಲ್ಲಿ ತೂಕ ಇಟ್ಟು ಸರಿದೂಗಿಸಿದ್ದರು. ಅಗ್ಗದ 383 ಕ್ರ್ಯಾಂಕುಗಳಲ್ಲಿ ಬಹಳಷ್ಟು ಹಾಗೇ. ಹಳೇ ಎಂಜಿನ್‌ನಲ್ಲಿ ನಾನು ನನ್ನ 350ರ ಡ್ಯಾಂಪರ್ ಚೆನ್ನಾಗೇ ಇದೆಯಲ್ಲ ಅಂತ ಅದನ್ನೇ ತಿರುಗಿ ಹಾಕಿದ್ದೆ. ಐಡಲ್‌ನಲ್ಲಿ ಏನೂ ಗೊತ್ತಾಗಲಿಲ್ಲ. 3,000 ದಾಟಿದ ಮೇಲೆ ಕನ್ನಡಿಯಲ್ಲಿ ಹಿಂದಿನ ಕಾರು ಎರಡೆರಡು ಕಾಣಿಸತೊಡಗಿತು. ಈ ಸಲ ಕ್ರ್ಯಾಂಕ್, ಪಿಸ್ಟನ್, ರಾಡ್, ರಿಂಗ್, ಬೇರಿಂಗ್, ಡ್ಯಾಂಪರ್, ಫ್ಲೈವೀಲ್ ಎಲ್ಲವನ್ನೂ ಒಟ್ಟಿಗೆ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಬ್ಯಾಲೆನ್ಸಿಂಗಿಗೆ ಕೊಟ್ಟೆ. ಈ ಖರ್ಚು ಉಳಿಸಬೇಡಿ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನುವುದು, ತಾನಾಗಿಯೇ ಏರುತ್ತೆ, ಅದನ್ನು ಮರೆಯುವವರು ಬಹಳ ಜನ. ಹೆಡ್ಡಿನ ಚೇಂಬರ್ 64 ಸಿಸಿ, ಗ್ಯಾಸ್ಕೆಟ್, ಪಿಸ್ಟನ್ ಗುಳಿ, ಮೇಲಿನ ಸಂದು ಎಲ್ಲ ಸೇರಿ ನನ್ನದು 83 ಸಿಸಿ. ಹಳೇ ಸ್ಟ್ರೋಕಿನಲ್ಲಿ ಕಂಪ್ರೆಷನ್ 9.8 ಆಗುತ್ತಿತ್ತು, ಈಗ ಅಷ್ಟೇ ಜಾಗಕ್ಕೆ 10.4. ಪಂಪಿನ ಪೆಟ್ರೋಲಿನಲ್ಲಿ ಓಡಿಸುವವರಿಗೆ ಇದು ದೊಡ್ಡ ವ್ಯತ್ಯಾಸ. ಆಗ ದಪ್ಪ ಗ್ಯಾಸ್ಕೆಟ್ ಹಾಕಿ ಇಳಿಸೋಣ ಅಂತ ಹೋಗಬೇಡಿ. ಪಿಸ್ಟನ್ ಮತ್ತು ಹೆಡ್ಡಿನ ಚಪ್ಪಟೆ ಭಾಗದ ನಡುವೆ ಸುಮಾರು 1 ಮಿ.ಮೀ. ಇದ್ದರೆ ಮಿಶ್ರಣ ಜೋರಾಗಿ ಕದಡಿ ಚೆನ್ನಾಗಿ ಉರಿಯುತ್ತೆ, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಬಡಿಯುವುದು) ಕಡಿಮೆ. ಸಂದು ದೊಡ್ಡದಾದರೆ ಕಂಪ್ರೆಷನ್ ಇಳಿದರೂ ನಾಕಿಂಗ್ ಶುರುವಾಗುವ ಸಾಧ್ಯತೆ ಇದೆ. ಇಳಿಸಬೇಕಿದ್ದರೆ ಗುಳಿ ಇರುವ ಪಿಸ್ಟನ್ ತಗೊಳ್ಳಿ. ನಾನು ಬ್ಲಾಕಿನ ಮೇಲ್ಮೈ 0.6 ಕೂಡ ತೆಗೆಸಿಬಿಟ್ಟೆ, ಅದಕ್ಕೆ ತಕ್ಕ ಹಾಗೆ ಗುಳಿ ಪಿಸ್ಟನ್ ಆರಿಸಿದ್ದೆ.

ಇನ್ನು ಗಾಳಿ. ನಿಜವಾಗಿ ಇಲ್ಲಿಂದಲೇ ಬರೆಯಲು ಶುರು ಮಾಡಬೇಕಿತ್ತು. ಹಳೇ ಹೆಡ್ಡನ್ನೇ ಇಟ್ಟುಕೊಂಡು ಸಿಸಿ ಏರಿಸಿದರೆ ಎಂಜಿನ್ ಗಾಳಿಗಾಗಿ ಬೇಗ ಏದುಸಿರು ಬಿಡುತ್ತೆ. 5,500 ಆರ್‌ಪಿಎಂನಲ್ಲಿ ಸಿಗುತ್ತಿದ್ದ ಪೀಕ್ ಪವರ್ 5,000ದ ಆಸುಪಾಸಿಗೆ ಇಳಿಯುತ್ತೆ. ಪವರ್ ಹೆಚ್ಚುಕಡಿಮೆ ಅಷ್ಟೇ, ಟಾರ್ಕ್ ಮಾತ್ರ ಜಾಸ್ತಿ. ತಿರುವಿನಿಂದ ಹೊರಗೆ ಬರುವಾಗ ಅದು ಸೊಗಸು, ನೇರ ದಾರಿಯ ಕೊನೆಯಲ್ಲಿ ಪಕ್ಕದವನು ನಗುತ್ತಾ ಹೋಗುತ್ತಾನೆ. ಕ್ರೋಮ್ ವಾಲ್ವ್ ಕವರ್ ಹಾಕಿ ಹಳೇ ಹೆಡ್ ಉಳಿಸಿಕೊಂಡವರನ್ನು ನೋಡಿದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಲ್ವಾ ಅನ್ನಿಸುತ್ತೆ. ಈ ಎಂಜಿನ್ ಕುಟುಂಬದಲ್ಲಿ ಬಜೆಟ್ ಜನರ ಕಣ್ಣು 1996ರಿಂದ ಬಂದ ವೋರ್ಟೆಕ್ ಎರಕದ ಹೆಡ್ಡುಗಳ ಮೇಲೆ. ಗಾಳಿ ಚೆನ್ನಾಗಿ ಎಳೆಯುತ್ತವೆ, ಚೇಂಬರ್ ಚಿಕ್ಕದು. ಆದರೆ ವಾಲ್ವ್ ಸೀಟಿನ ನಡುವೆ ಬಿರುಕು ಸಾಮಾನ್ಯ, ಪರೀಕ್ಷೆ ಮಾಡಿಸದೆ ತರಬೇಡಿ. ಕ್ಯಾಮ್ ವಾಲ್ವನ್ನು ಸುಮಾರು 12 ಮಿ.ಮೀ.ಗಿಂತ ಜಾಸ್ತಿ ಎತ್ತಿದರೆ ಸ್ಪ್ರಿಂಗ್ ಹಿಡಿಯುವ ರಿಟೇನರ್ ಹೋಗಿ ವಾಲ್ವ್ ಗೈಡಿಗೆ ಬಡಿಯುತ್ತೆ, ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಅದರದ್ದೇ ಬೇಕು. ಗೈಡನ್ನು ಸ್ವಲ್ಪ ಕೆತ್ತಿಸಿ, ಸ್ಪ್ರಿಂಗ್ ಬದಲಿಸಿದರೆ ಮುಗಿಯಿತು.

ವೇಗದ ಮಿತಿಯನ್ನೂ ಇಳಿಸಿಕೊಳ್ಳಬೇಕು. 6,500 ಆರ್‌ಪಿಎಂನಲ್ಲಿ ಹಳೇ ಸ್ಟ್ರೋಕಿನ ಪಿಸ್ಟನ್ ಸರಾಸರಿ ಸೆಕೆಂಡಿಗೆ 19.2 ಮೀಟರ್ ಓಡುತ್ತಿತ್ತು, ಹೊಸದು 20.6. ಹಳೇ ವೇಗಕ್ಕೇ ಬರಬೇಕಾದರೆ 6,000ಕ್ಕೆ ನಿಲ್ಲಿಸಬೇಕು. ಎರಕದ ಕ್ರ್ಯಾಂಕ್ ಇಟ್ಟುಕೊಂಡು ನಾನು 6,000ಕ್ಕೇ ಲಿಮಿಟರ್ ಕಟ್ಟಿದೆ. ಗೆಳೆಯ ಗೊಣಗಿದ. ಗೊಣಗಲಿ.

ಸಣ್ಣ ಅಳತೆಗಳಲ್ಲಿ ಎರಡು ಮಾತ್ರ ಹೇಳುತ್ತೇನೆ. ಮೇಲಿನ ರಿಂಗಿನ ಬಾಯಿ ನನ್ನ ಬೋರಿಗೆ 0.46 ಮಿ.ಮೀ. ಇಟ್ಟೆ, ಒಂದೊಂದನ್ನೂ ಅದರದರ ಸಿಲಿಂಡರಿನಲ್ಲಿ ಕೂರಿಸಿ, ಫೀಲರ್ ಗೇಜ್ ಹಾಕಿ, ಕೈ ಅರದಿಂದ ಉಜ್ಜಿ. ಬಾಯಿ ಸಣ್ಣದಾದರೆ ಬಿಸಿಯಲ್ಲಿ ರಿಂಗಿನ ತುದಿಗಳು ಒಂದಕ್ಕೊಂದು ಗುದ್ದಿ ಪಿಸ್ಟನ್ನಿನ ಅಂಚನ್ನೇ ಮುರಿಯುತ್ತವೆ. ಸ್ವಲ್ಪ ದೊಡ್ಡದಾದರೆ ಒಂದೆರಡು ಕುದುರೆ ಶಕ್ತಿ ಹೋಗುತ್ತೆ, ಅಷ್ಟೇ. ರಾಡ್ ಬೇರಿಂಗಿನ ಸಂದು 0.05ರಿಂದ 0.06. ಪೊಟ್ಟಣದ ಮೇಲೆ ಬರೆದ ಅಳತೆ ನಂಬಬೇಡಿ, ಮೈಕ್ರೋಮೀಟರ್ ಎರವಲು ತಂದಾದರೂ ಅಳೆಯಿರಿ.

ಆಯಿಲ್ ವಿಷಯದಲ್ಲಿ, ಸಂಪಿನೊಳಗೆ, ಅಂದರೆ ಎಂಜಿನ್ ತಳದ ಆಯಿಲ್ ತಟ್ಟೆಯೊಳಗೆ, ಅಡ್ಡ ತಗಡು ಇಲ್ಲದಿದ್ದರೆ ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪು ಬರೀ ಗಾಳಿ ಕುಡಿಯುತ್ತೆ. ತಗಡು ಕತ್ತರಿಸಿ ನಾವೇ ಬೆಸೆದೆವು. ಪಂಪು ಆಯಿಲ್ ಎಳೆಯುವ ಪಿಕಪ್ ತಳದಿಂದ 10 ಮಿ.ಮೀ. ಮೇಲಿದೆಯಾ ಅಂತ ಜೇಡಿಮಣ್ಣಿನ ಉಂಡೆ ಇಟ್ಟು ಒತ್ತಿ ನೋಡಿದೆವು. ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ ಡಿಸ್ಟ್ರಿಬ್ಯೂಟರ್ ತೆಗೆದು, ಆ ತೂತಿನಿಂದ ಡ್ರಿಲ್ ಹಾಕಿ ಪಂಪ್ ತಿರುಗಿಸಿ, ರಾಕರ್ ಒಂದೊಂದರಲ್ಲೂ ಆಯಿಲ್ ಒಸರುವವರೆಗೆ ಕಾದೆವು. ಕ್ಯಾಮಿನ ಮೇಲೆ ಉಜ್ಜಿಕೊಂಡೇ ಓಡುವ ಚಪ್ಪಟೆ ಟ್ಯಾಪೆಟ್ ಆದ್ದರಿಂದ, ಎರಡೂ ಒಂದಕ್ಕೊಂದು ಪಳಗಲಿ ಅಂತ ಸ್ಟಾರ್ಟ್ ಆದ ಕೂಡಲೇ ಐಡಲಿಗೆ ಬಿಡದೆ 2,000ದ ಮೇಲೆ ಇಪ್ಪತ್ತು ನಿಮಿಷ ಓಡಿಸಿದೆವು. ಆ ಇಪ್ಪತ್ತು ನಿಮಿಷ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಸೀಸನ್ ಮುಗಿದ ಮೇಲೆ ಮೊನ್ನೆ ಸಂಪ್ ಬಿಚ್ಚಿದೆ. ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ ನೋಡಿದೆ, ಹೊಳೆಯುವ ಚೂರು ಇಲ್ಲ. ರಾಡ್ ಬೇರಿಂಗುಗಳಲ್ಲಿ ಏಳು ಒಂದೇ ಸಮ ಬೂದು ಬಣ್ಣ. ಎಂಟನೆಯದರಲ್ಲಿ ಒಂದು ಅಂಚು ಮಾತ್ರ ಹೊಳೆಯುತ್ತಿದೆ, ತಾಮ್ರ ಇನ್ನೂ ಕಾಣಿಸಿಲ್ಲ. ಆ ರಾಡ್ ನೆಟ್ಟಗಿದೆಯಾ ಅಂತ ನೋಡಲು ಈ ವಾರ ಅದೊಂದನ್ನೇ ಹೊರಗೆ ತೆಗೆಯುತ್ತಿದ್ದೇನೆ. ಗ್ರೈಂಡ್ ಮಾಡಿದ ಎಂಟು ಜಾಗದಲ್ಲೂ ಒಂದು ಗೀರೂ ಇಲ್ಲ, ಯಾವುದಕ್ಕೂ ಏನೂ ತಾಗಿಲ್ಲ.