ಎಂಟು ಗೋಪುರಗಳ ಕರಿ ಕುಪ್ಪಸ: ಒಂದು ಕಸೂತಿಯ ದಿನಚರಿ

ಜನವರಿ 14

ಹುಬ್ಬಳ್ಳಿಯ ನಮ್ಮ ಮನೆಯ ಟ್ರಂಕಿನಲ್ಲಿ ಅಜ್ಜಿಯ ಚಂದ್ರಕಾಳಿ ಎಂಬ ಕರಿಯ ಇಳಕಲ್ ಸೀರೆಯೊಂದಿದೆ. ಮಡಿಕೆಗಳಲ್ಲೆಲ್ಲ ಸೀಳಿ ಹೋಗಿರುವ ಆ ಕರಿಯ ಸೀರೆಯಲ್ಲಿ ಕಸೂತಿ ಹಾಕಿದ ಜಾಗ ಮಾತ್ರ ಇನ್ನೂ ಗಟ್ಟಿಯಾಗಿದೆ. ಅದನ್ನು ಉಡುವ ಹಾಗಿಲ್ಲ, ಕತ್ತರಿಸಲು ಮನಸ್ಸಿಲ್ಲ. ಹೀಗಾಗಿ ಅದರ ಗೋಪುರದ ವಿನ್ಯಾಸವನ್ನು ಹೊಸ ಕುಪ್ಪಸವೊಂದರ ತೋಳುಗಳಿಗೆ ಇಳಿಸಿಕೊಳ್ಳಬೇಕೆಂದು ನಿರ್ಧರಿಸಿದ್ದೇನೆ. ತೋಳಿಗೆ ನಾಲ್ಕರಂತೆ ಒಟ್ಟು ಎಂಟು ಗೋಪುರಗಳು, ಬೆನ್ನಿಗೆ ಒಂದು ತುಳಸಿ ಕಟ್ಟೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಸರಿಯಾದ ಜೋಡಿ ಎಂಬುದು ನನಗೂ ಗೊತ್ತು. ಆದರೆ ಖಣದ ನೇಯ್ಗೆಯೇ ತುಂಬು ವಿನ್ಯಾಸದ್ದಾದ್ದರಿಂದ ಅದರ ಮೇಲೆ ಕಸೂತಿ ಕಾಣುವುದಿಲ್ಲ. ಆದಕಾರಣ ಬಣ್ಣದ ಗೆರೆಯೂ ಇಲ್ಲದ ಕರಿಯ ಕೈಮಗ್ಗದ ಹತ್ತಿ ಬಟ್ಟೆಯನ್ನು ಒಂದೂವರೆ ಮೀಟರ್ ತಂದಿದ್ದೇನೆ.

ತೋಳಿನ ಅಳತೆಯನ್ನು ನಿರ್ಧರಿಸಿದ್ದು ಸಿನಿಮಾ. 1966ರ ‘ಸಂಧ್ಯಾರಾಗ’ವನ್ನು ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣರ ಹಾಡುಗಾರಿಕೆಗಾಗಿ ನೋಡಲು ಕುಳಿತವಳ ಕಣ್ಣು ಹಾಡಿಗಿಂತ ಹೆಚ್ಚಾಗಿ ಉಡುಪಿನ ಮೇಲೆಯೇ ಹರಿದಾಡಿತು. ಆ ಕಾಲದ ಕಪ್ಪುಬಿಳುಪು ಚಿತ್ರಗಳಲ್ಲಿ ಬಣ್ಣ ಕಾಣದಿರುವುದು ಹೊಲಿಗೆ ಕಲಿಯುವವರಿಗೆ ಒಂದು ಲಾಭವೇ ಸರಿ, ಏಕೆಂದರೆ ಕತ್ತರಿಸಿದ ಆಕಾರವೂ ಅಂಚಿನ ಅಗಲವೂ ಬೇರೇನೂ ಅಡ್ಡ ಬಾರದೆ ಎದ್ದು ಕಾಣುತ್ತವೆ. ಮೊಣಕೈಗಿಂತ ಸ್ವಲ್ಪ ಮೇಲೆ ನಿಲ್ಲುವ, ಸುತ್ತಳತೆ 12 ಇಂಚಿನ ತೋಳು ಎಂದು ಬರೆದುಕೊಂಡೆ.

ಜನವರಿ 19

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತಲೇ ಹೋಗಬೇಕು. ಭೂತಗನ್ನಡಿ ಹಿಡಿದು ಎಣಿಸಿದಾಗ ನನ್ನ ಬಟ್ಟೆಯಲ್ಲಿ ಇಂಚಿಗೆ ಹಾಸಿನ (ಉದ್ದದ) ಎಳೆ 42, ಹೊಕ್ಕಿನ (ಅಡ್ಡದ) ಎಳೆ 38 ಎಂದು ತಿಳಿಯಿತು. ಒಂದು ಹೆಜ್ಜೆಗೆ, ಎಂದರೆ ಸೂಜಿಯ ಒಂದು ಹೊಲಿಗೆಯ ಉದ್ದಕ್ಕೆ, ಮೂರು ಎಳೆ ಎಂದಿಟ್ಟುಕೊಂಡರೆ, 39 ಹೆಜ್ಜೆ ಅಗಲದ ಗೋಪುರಕ್ಕೆ 117 ಎಳೆ, ಎಂದರೆ ಸುಮಾರು 2.8 ಇಂಚು. ತೋಳನ್ನು ಸುತ್ತಿ ಬರುವ ನಾಲ್ಕು ಗೋಪುರಗಳ ನಡುವಿನ ನಾಲ್ಕು ತೆರವುಗಳಿಗೆ ಮೂರು ಮೂರು ಹೆಜ್ಜೆ ಬಿಟ್ಟರೆ ಒಟ್ಟು 504 ಎಳೆ, ಸರಿಯಾಗಿ 12 ಇಂಚು. ಲೆಕ್ಕ ಇಷ್ಟು ಸಲೀಸಾಗಿ ಕೂಡಿಬಂದಿದ್ದಕ್ಕೆ ಅಂದು ಸಂಜೆ ಎರಡು ಲೋಟ ಚಹಾ ಕುಡಿದೆ.

ಎತ್ತರದ ಲೆಕ್ಕ ಮಾತ್ರ ಬೇರೆಯದೇ ಆಯಿತು. ಹೊಕ್ಕಿನ ಎಳೆಗಳು ವಿರಳವಾಗಿರುವುದರಿಂದ ಅದೇ 39 ಹೆಜ್ಜೆಗಳು ನಿಲುವಿನಲ್ಲಿ ಮೂರು ಇಂಚನ್ನು ದಾಟುತ್ತವೆ. ಚೌಕವೆಂದು ಬರೆದದ್ದು ಬಟ್ಟೆಯ ಮೇಲೆ ನಿಂತ ಇಟ್ಟಿಗೆಯಂತಾಗುತ್ತದೆ. ಗೋಪುರಕ್ಕೆ ಇದರಿಂದ ನಷ್ಟವಿಲ್ಲ, ತುಸು ಎತ್ತರವಾದರೆ ಚೆಲುವೇ. ಆದರೆ ಕೆಳಗಿನ ಸಾಲಿಗೆಂದು ಯೋಚಿಸಿದ್ದ ಅಂಬಾರಿಯ ಆನೆಯನ್ನು ಒಂದು ಚೂರು ಬಟ್ಟೆಯ ಮೇಲೆ ಹಾಕಿ ನೋಡಿದಾಗ ಅದು ಒಂಟೆಯ ನೆಂಟನಂತೆ ಕಂಡಿತು. ಆನೆಯನ್ನು ಕೈಬಿಟ್ಟಿದ್ದೇನೆ.

ಫೆಬ್ರವರಿ 2

ಈ ಎರಡು ವಾರ ಕಳೆದದ್ದು ಬಟ್ಟೆಯ ಮೇಲಲ್ಲ, ಚೌಕುಳಿ ಹಾಳೆಯ ಪುಸ್ತಕದ ಮೇಲೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ನನ್ನ ಗೋಪುರ ಬಹುಪಾಲು ಗವಂತಿ, ಶಿಖರದ ಮೆಟ್ಟಿಲುಗಳು ಮಾತ್ರ ಅಂಕುಡೊಂಕಾಗಿ ಸಾಗುವ ಮುರ್ಗಿ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೆಜ್ಜೆಯನ್ನು ಮೇಲೆಯೂ ಒಂದನ್ನು ಕೆಳಗೂ ಇಡುತ್ತಾ ಸಾಗಿ, ಮರಳುವಾಗ ಬಿಟ್ಟುಬಂದ ತೆರವುಗಳನ್ನು ತುಂಬುತ್ತಾ ಬರುತ್ತದೆ. ಗಂಟು ಹಾಕುವಂತಿಲ್ಲ, ಹಿಂಬದಿಯಲ್ಲಿ ದಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆದುಕೊಂಡು ಹೋಗುವಂತಿಲ್ಲ. ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಹೀಗಾಗಿ ಮುಖ್ಯ ಗೆರೆಯಿಂದ ಕವಲೊಡೆದ ಪ್ರತಿ ಕಳಸ, ಪ್ರತಿ ಕಂಬಕ್ಕೂ ಹೋಗಿ, ಅಲ್ಲಿಂದಲೇ ತುಂಬುತ್ತಾ ಹಿಂತಿರುಗಿ, ಮತ್ತೆ ಮುಖ್ಯ ಗೆರೆಯನ್ನು ಹಿಡಿಯಬೇಕಾಗುತ್ತದೆ.

ನಾನು ಕೊಂಡ ಕಸೂತಿ ಪುಸ್ತಕಗಳ ಬಗ್ಗೆ ನನ್ನ ತಕರಾರು ಇದೇ. ಹಾಳೆ ನುಣುಪಾಗಿದೆ, ಫೋಟೋಗಳು ಅಂದವಾಗಿವೆ, ವಿನ್ಯಾಸಗಳು ಚೌಕುಳಿಯ ಮೇಲೆ ಅಚ್ಚುಕಟ್ಟಾಗಿ ಕುಳಿತಿವೆ. ಆದರೆ ಸೂಜಿ ಎಲ್ಲಿಂದ ಹೊರಟು, ಯಾವ ಕವಲನ್ನು ಮೊದಲು ಮುಗಿಸಿ, ಎಲ್ಲಿ ಮರಳಬೇಕೆಂಬುದನ್ನು ಅವು ಹೇಳುವುದಿಲ್ಲ. ಧಾರವಾಡದಲ್ಲಿರುವ ಚಿಗವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಆಕೆ ನಕ್ಕು, “ಗೋಪುರ ಯಾರರ ಬರದು ಕೊಡ್ತಾರವ್ವಾ, ಹೊಳ್ಳಿ ಬರೂ ಹಾದಿ ಕೈಯಾಗ ಕಲೀಬೇಕು” ಎಂದಳು. ಆ ಹಾದಿಯನ್ನೇ ಈಗ ನನ್ನ ಪುಸ್ತಕದಲ್ಲಿ ಬರೆಯುತ್ತಿದ್ದೇನೆ: ಹೋಗುವ ಹೆಜ್ಜೆಗಳಿಗೆ ಕೆಂಪು ಪೆನ್ಸಿಲಿನ ಬಾಣ, ಮರಳುವ ಹೆಜ್ಜೆಗಳಿಗೆ ನೀಲಿ. ಒಂದು ಗೋಪುರಕ್ಕೆ 430 ಹೆಜ್ಜೆಗಳಿವೆ, ಎಂದರೆ ಸೂಜಿ 860 ಸಲ ನಡೆಯಬೇಕು.

ಫೆಬ್ರವರಿ 16

ಮೊದಲ ಗೋಪುರ ಮುಗಿಯಿತು, ಆರೂವರೆ ಗಂಟೆ ಹಿಡಿಯಿತು, ಮತ್ತು ಅದರಲ್ಲೊಂದು ತಪ್ಪಿದೆ. ನಡುವಿನ ಕಿಟಕಿ ಎರಡು ಹೆಜ್ಜೆ ಅಗಲ, ಎರಡು ಹೆಜ್ಜೆ ಎತ್ತರದ ಚೌಕ. ಸುತ್ತಲೂ ಎಂಟು ಹೆಜ್ಜೆ. ಒಮ್ಮೆ ಸುತ್ತಿ ಬಂದವಳು ಅದೇ ದಿಕ್ಕಿನಲ್ಲಿ ಎರಡನೆಯ ಸುತ್ತು ಹೊರಟೆ. ಹೆಜ್ಜೆಗಳ ಸಂಖ್ಯೆ ಸಮವಾಗಿರುವುದರಿಂದ ದಾರ ಮೊದಲಿನ ಜಾಗಗಳಲ್ಲಿಯೇ ಬಿದ್ದು, ನಾಲ್ಕು ತೆರವುಗಳು ಹಾಗೆಯೇ ಉಳಿದವು. ಸುತ್ತು ಬೆಸವಾಗಿದ್ದರೆ ಅದೇ ದಿಕ್ಕಿನಲ್ಲಿ ಎರಡು ಸಲ ಹೋದರೂ ತುಂಬುತ್ತದೆ. ಸಮವಾಗಿದ್ದರೆ ಬಂದ ದಾರಿಯಲ್ಲೇ ತಿರುಗಬೇಕು. ಇಷ್ಟನ್ನು ಕಾಗದದ ಮೇಲೆ ಸಾಧಿಸಿಕೊಳ್ಳಲು ಒಂದು ಇಡೀ ಭಾನುವಾರ ಬೇಕಾಯಿತು, ಬಿಚ್ಚಲು ಇನ್ನೊಂದು ಸಂಜೆ. ಚಿಗವ್ವ ವಿಡಿಯೋ ಕರೆಯಲ್ಲಿ ಮೊದಲು ಕೇಳಿದ್ದು, “ಹಿಂದ ತಿರುಗಿಸಿ ತೋರ್ಸು” ಎಂದು. ಮುಂಬದಿಯನ್ನು ಆಕೆ ನೋಡಿದಳೋ ಇಲ್ಲವೋ ನನಗೆ ಈಗಲೂ ತಿಳಿಯದು.

ದಾರದ ಲೆಕ್ಕವನ್ನೂ ಇಲ್ಲಿ ಬರೆದಿಡುತ್ತೇನೆ. ಆರು ಎಳೆಯ, 8 ಮೀಟರ್ ಉದ್ದದ ಆ್ಯಂಕರ್ ಲಡಿಯನ್ನು ಎರಡೆರಡು ಎಳೆಗಳಾಗಿ ಬಿಡಿಸಿದರೆ 24 ಮೀಟರ್ ಸಿಗುತ್ತದೆ. ಒಂದು ಗೋಪುರಕ್ಕೆ ಬೇಕಾದುದು ಎರಡು ಮೀಟರಿಗಿಂತ ತುಸು ಹೆಚ್ಚು. ಕೆಂಪು, ಕಿತ್ತಳೆ, ಹಸಿರು, ನೇರಳೆ ಎಂಬ ರೂಢಿಯ ನಾಲ್ಕು ಬಣ್ಣಗಳಲ್ಲಿ ತಲಾ ಒಂದು ಲಡಿ ಸಾಕಾಗಿತ್ತು. ನಾನು ಕೆಂಪೊಂದನ್ನೇ ಆರು ತಂದಿದ್ದೇನೆ.

ಮಾರ್ಚ್ 9

ಮೊದಲ ತೋಳು ಪೂರ್ತಿಯಾಯಿತು. ನಾಲ್ಕನೆಯ ಗೋಪುರಕ್ಕೆ ನಾಲ್ಕು ಗಂಟೆಯೂ ಹಿಡಿಯಲಿಲ್ಲ.

ಕೆಲಸದ ಜೊತೆಗಿನ ಸಂಗೀತದ ಬಗ್ಗೆ ಈಗ ಸ್ವಲ್ಪ ಅನುಭವದಿಂದಲೇ ಹೇಳಬಲ್ಲೆ. ಗಂಗೂಬಾಯಿ ಹಾನಗಲ್ಲರ ನಿಧಾನಗತಿಯ ವಿಲಂಬಿತ ಖಯಾಲ್ ಎಳೆ ಎಣಿಸುವ ಕೈಗೆ ಹೇಳಿ ಮಾಡಿಸಿದಂತಿದೆ. ಹನ್ನೆರಡು ಮಾತ್ರೆಗಳ ಏಕತಾಳದ ಒಂದು ಆವರ್ತ ಮುಗಿಯಲು ಒಂದು ನಿಮಿಷದಷ್ಟು ಸಮಯ ಹಿಡಿಯುವ ನಡೆಯಲ್ಲಿ ನನ್ನ ಸೂಜಿ ನಾಲ್ಕೈದು ಹೆಜ್ಜೆ ಹಾಕುತ್ತದೆ, ಆವರ್ತದ ಮೊದಲ ಮಾತ್ರೆಯಾದ ಸಮ್ ಬರುವ ಹೊತ್ತಿಗೆ ಮನಸ್ಸು ತಾನಾಗಿ ಲೆಕ್ಕಕ್ಕೆ ಮರಳುತ್ತದೆ. ಅದೇ ವೇಗದ ದ್ರುತಕ್ಕೆ ಏರಿದೊಡನೆ ಕೈ ಅವಸರಪಟ್ಟು ಮೂರು ಎಳೆಯ ಬದಲು ನಾಲ್ಕನ್ನು ಎತ್ತುತ್ತದೆ. ಮೂರನೆಯ ಗೋಪುರದ ಎಡಗಂಬ ಒಂದು ಎಳೆಯಷ್ಟು ಸರಿದಿರುವುದಕ್ಕೆ ಒಂದು ತರಾನಾ ಕಾರಣ. ಮಲ್ಲಿಕಾರ್ಜುನ ಮನ್ಸೂರರನ್ನು ಎರಡು ಸಲ ಪ್ರಯತ್ನಿಸಿ ಕೈಬಿಟ್ಟೆ. ಅಪರೂಪದ ರಾಗವೊಂದನ್ನು ಹಿಡಿದು ಅವರು ಉಸಿರಿಗೂ ಬಿಡುವಿಲ್ಲದಂತೆ ತಿರುವುಗಳನ್ನು ಹೆಣೆಯತೊಡಗಿದರೆ ಸೂಜಿ ಕೆಳಗಿಟ್ಟು ಕುಳಿತು ಕೇಳಬೇಕೇ ಹೊರತು ಅದು ಹಿನ್ನೆಲೆಯ ಸಂಗೀತವಾಗಲು ಒಪ್ಪುವುದಿಲ್ಲ. 78 ಸುತ್ತಿನ ಹಳೆಯ ತಟ್ಟೆಗಳಿಂದ ಬಂದ ಧ್ವನಿಮುದ್ರಣಗಳು ಇನ್ನೊಂದು ಬಗೆಯಲ್ಲಿ ಉಪಯುಕ್ತ: ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ, ಎರಡು ಮಗ್ಗುಲು ಮುಗಿದರೆ ಕಣ್ಣಿಗೆ ವಿಶ್ರಾಂತಿ ಕೊಡಬೇಕೆಂಬ ಸೂಚನೆ. ಗಂಗೂಬಾಯಿಯವರದೇ 1930ರ ದಶಕದ ಆ ತೆಳುವಾದ, ಏರುದನಿಯ ತಟ್ಟೆಗಳನ್ನು ಕೇಳಿದ ಮೇಲೆ ಅವರ ನಂತರದ ಗಡಸು ದನಿಗೆ ಬಂದರೆ ಇಬ್ಬರು ಗಾಯಕಿಯರನ್ನು ಕೇಳಿದಂತಾಗುತ್ತದೆ.

ಮಾರ್ಚ್ 23

ಎರಡನೆಯ ತೋಳಿನಲ್ಲಿ ಎರಡು ಗೋಪುರಗಳಾದವು. ಬಟ್ಟೆಯನ್ನು ಟೇಲರ್ ಬಳಿ ಒಯ್ದಾಗ ತೋಳಿನ ಕೂಡುಹೊಲಿಗೆ ಕಂಕುಳ ಕೆಳಗೆ ಬರುತ್ತದೆಂದೂ, ಅಲ್ಲಿ ಎರಡೂ ಕಡೆ ಅರ್ಧ ಅರ್ಧ ಇಂಚು ಒಳಗೆ ಹೋಗಬೇಕೆಂದೂ ಅವರು ನೆನಪಿಸಿದರು. ಕತ್ತರಿಸುವ ಮೊದಲೇ ಎರಡು ಇಂಚು ಹೆಚ್ಚು ಬಿಟ್ಟಿದ್ದರಿಂದ ಗೋಪುರಗಳು ಉಳಿದವು. ಕೂಡುಹೊಲಿಗೆ ಯಾವುದಾದರೊಂದು ತೆರವಿನ ನಡುವೆಯೇ ಬರಬೇಕಾದ್ದರಿಂದ, ಮೂರು ಹೆಜ್ಜೆಗಳ ಆ ಒಂದು ತೆರವಿನ ಎರಡೂ ಬದಿಯಲ್ಲಿ ಬಿಳಿ ದಾರದಿಂದ ಗುರುತು ಹಾಕಿಕೊಂಡು ಬಂದೆ.

ಉಳಿದಿರುವುದು ಎರಡು ಗೋಪುರ ಮತ್ತು ಬೆನ್ನಿನ ತುಳಸಿ ಕಟ್ಟೆ. ಕಟ್ಟೆಯ ಹಾದಿಯನ್ನು ಚೌಕುಳಿಯ ಮೇಲೆ ಮೂರು ಸಲ ಬರೆದು ಅಳಿಸಿದ್ದೇನೆ. ಗಿಡದ ಏಳು ಕವಲುಗಳ ಪೈಕಿ ಆರು ಸರಿಯಾಗಿ ಮರಳುತ್ತವೆ, ಏಳನೆಯದರ ತುದಿಯಲ್ಲಿ ಹಸಿರು ದಾರ ಮುಗಿದು ನೇರಳೆ ಆರಂಭವಾಗಬೇಕಾದಲ್ಲಿ ದಾರಗಳ ಎರಡು ಬಾಲಗಳು ಒಂದೇ ಹೆಜ್ಜೆಯ ಕೆಳಗೆ ಸೇರಿ ಉಬ್ಬುತ್ತವೆ. ನೇರಳೆಯನ್ನು ಕಟ್ಟೆಯ ಬುಡದಿಂದಲೇ ಹೊರಡಿಸಿ ನೋಡಬೇಕೆಂದಿದ್ದೇನೆ.