ಕೈ ಮುಟ್ಟದೆ ಫಿಸಿಯೋಥೆರಪಿ ಹೇಗೆ ಮಾಡ್ತೀರಾ ಮೇಡಂ?

ವಿಡಿಯೋ ಕಾಲ್‌ನಲ್ಲಿ ಫಿಸಿಯೋಥೆರಪಿ ಮಾಡಿಸುವ ನನಗೆ ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಮಂಡಿ ಆಪರೇಷನ್ ಆದ ಅಮ್ಮನನ್ನು ಊರಲ್ಲಿ ಬಿಟ್ಟು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಕೇಳುತ್ತಾನೆ. ಭುಜ ಹಿಡಿದುಕೊಂಡು ಕೈ ಮೇಲೆತ್ತಲಾಗದ ಮೇಷ್ಟ್ರು ಕೇಳುತ್ತಾರೆ. ಕೇಳೋದು ನ್ಯಾಯವೇ. ಫಿಸಿಯೋಥೆರಪಿ ಅಂದ ತಕ್ಷಣ ನಮ್ಮ ಜನಕ್ಕೆ ನೆನಪಾಗೋದು ಎರಡೇ. ಒಂದು, ಯಾರೋ ಕಾಲು ಹಿಡಿದು ಮಡಚೋದು. ಇನ್ನೊಂದು, ನೋವಿನ ಜಾಗಕ್ಕೆ ಯಂತ್ರದಿಂದ 'ಕರೆಂಟ್ ಇಡೋದು'. ಎರಡೂ ಫೋನಿನಲ್ಲಿ ಆಗಲ್ಲ. ಹಾಗಾದರೆ ಫೀಸು ಯಾತಕ್ಕೆ ಅಂತ.

2020ರ ಲಾಕ್‌ಡೌನ್‌ನಲ್ಲಿ ಬೇರೆ ದಾರಿಯಿಲ್ಲದೆ ವಿಡಿಯೋ ಕಾಲ್ ಶುರು ಮಾಡಿದವಳು ನಾನು. ಕ್ಲಿನಿಕ್ ಮತ್ತೆ ತೆರೆದ ಮೇಲೂ ಅದನ್ನು ಬಿಡಲಿಲ್ಲ. ಯಾಕೆ ಅನ್ನೋದಕ್ಕೆ ಒಂದು ದಿಂಬಿನ ಕಥೆ ಹೇಳಬೇಕು.

ಮಲೆನಾಡಿನ ಒಬ್ಬ ಅಮ್ಮ. ಮಂಡಿ ಬದಲಿಸಿ ಮೂರು ವಾರ ಆಗಿತ್ತು. ಎರಡು ಸಲ ಬಸ್ಸು ಹತ್ತಿ, ನೋವು ತಿಂದುಕೊಂಡು ಕ್ಲಿನಿಕ್ಕಿಗೆ ಬಂದಿದ್ದರು. ಮಂಡಿ ಚೆನ್ನಾಗಿ ಮಡಚುತ್ತಿತ್ತು, ಆದರೆ ಪೂರ್ತಿ ನೇರ ಆಗುತ್ತಿರಲಿಲ್ಲ. ಹೇಳಿದ ವ್ಯಾಯಾಮ ಒಂದೂ ತಪ್ಪಿಸಿರಲಿಲ್ಲ. ನನಗೆ ಕಾರಣವೇ ಹೊಳೆಯಲಿಲ್ಲ. ಮೂರನೇ ಸಲ ಮಳೆ ಜೋರಾಗಿ ಬಸ್ಸಿಲ್ಲ ಅಂದಾಗ ವಿಡಿಯೋ ಕಾಲ್ ಮಾಡಿದೆವು. ಸೊಸೆ ಫೋನ್ ಹಿಡಿದು ಮಲಗುವ ಕೋಣೆಗೆ ಹೋದರು. ಮಂಚದ ಮೇಲೆ, ಸರಿಯಾಗಿ ಮಂಡಿ ಬರುವ ಜಾಗದಲ್ಲಿ, ಎರಡು ದಿಂಬು!

"ಇದು ಯಾತಕ್ಕಮ್ಮಾ?" ಅಂದೆ.

"ಕಾಲಡಿಗೆ ಇಟ್ಕೊಂಡ್ರೆ ಹಾಯಾಗಿರ್ತದೆ ಮೇಡಂ, ನೋವು ಗೊತ್ತಾಗಲ್ಲ. ರಾತ್ರಿ ಪೂರ್ತಿ ಹಿಂಗೇ ಮಲಗದು."

ಹಾಯೇನೋ ಹೌದು. ಊದಿದ ಮಂಡಿಗೆ ಸ್ವಲ್ಪ ಮಡಚಿಕೊಂಡಿದ್ದರೇ ಆರಾಮ. ಆದರೆ ರಾತ್ರಿಯೆಲ್ಲ ಹಾಗೇ ಇದ್ದರೆ ಹಿಂಬದಿಯ ಸ್ನಾಯು, ಅದರ ಸುತ್ತಲಿನ ಪೊರೆ ಎಲ್ಲ ಆ ಅಳತೆಗೇ ಬಿಗಿದುಕೊಳ್ಳುತ್ತವೆ. ಆಮೇಲೆ ನಡೆಯುವಾಗ ಕುಂಟು, ಬೆನ್ನಿಗೂ ಭಾರ. ಹಗಲಿನ ಅರ್ಧ ಗಂಟೆಯ ವ್ಯಾಯಾಮವನ್ನು ರಾತ್ರಿಯ ಎಂಟು ಗಂಟೆ ದಿಂಬು ಅಳಿಸಿಹಾಕುತ್ತಿತ್ತು. ಕ್ಲಿನಿಕ್ಕಿನಲ್ಲಿ ನಾನು ಎಷ್ಟು ಸಲ ಮುಟ್ಟಿ ನೋಡಿದರೂ ಆ ದಿಂಬು ನನಗೆ ಕಾಣುತ್ತಿರಲಿಲ್ಲ.

ದಿಂಬು ತೆಗೆಸಿದೆ. ಟವೆಲ್ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಡಿಸಿದೆ. ಮಂಡಿಯನ್ನು ಹಾಸಿಗೆ ಕಡೆಗೆ ಒತ್ತಿ, ಐದು ಎಣಿಸಿ, ಬಿಡಿ ಅಂದೆ. ತೊಡೆಯ ಸ್ನಾಯು ಬಿಗಿಯಾಗುತ್ತಿದೆಯಾ ಅಂತ ಸೊಸೆ ಅಂಗೈ ಇಟ್ಟು ನೋಡಿದರು. "ಗಟ್ಟಿ ಆಗ್ತಿದೆ ಮೇಡಂ." ಆಮೇಲೆ ಟವೆಲ್ ತೆಗೆದು, ಕಾಲು ಚಾಚಿಸಿ, ಮಂಡಿಗೂ ಹಾಸಿಗೆಗೂ ನಡುವಿನ ಸಂದಿಯಲ್ಲಿ ಬೆರಳು ತೂರಿಸಿ ನೋಡಿ ಅಂದೆ. ಮೂರು ಬೆರಳು ಹೋಯಿತು. ಅದೇ ನಮ್ಮ ಅಳತೆ ಅಂತ ಬರೆದುಕೊಂಡೆ. ಮುಂದಿನ ವಾರ ಎರಡು. ಅದರ ಮುಂದಿನ ವಾರ ಒಂದು ಬೆರಳು ಕಷ್ಟಪಟ್ಟು ಹೋಗುತ್ತಿತ್ತು.

ಕೈ ಮುಟ್ಟದೆ ಹೇಗೆ ಅಂತ ಕೇಳ್ತೀರಲ್ಲ, ಹೀಗೆ. ಮುಟ್ಟೋದು ಮನೆಯವರ ಕೈ, ಇಲ್ಲಾ ನಿಮ್ಮದೇ ಕೈ. ಎಲ್ಲಿ ಮುಟ್ಟಬೇಕು, ಏನು ಗಮನಿಸಬೇಕು ಅನ್ನೋದನ್ನು ಹೇಳೋದು ನನ್ನ ಕೆಲಸ.

ಮೊದಲ ಕಾಲ್‌ನಲ್ಲಿ ಬರೀ ಮಾತೇ ಜಾಸ್ತಿ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ನೋವು ಯಾವಾಗಿನಿಂದ, ಬೆಳಿಗ್ಗೆ ಜಾಸ್ತಿನಾ ರಾತ್ರಿನಾ, ಸಕ್ಕರೆ ಕಾಯಿಲೆ ಇದೆಯಾ, ಯಾವ ಮಾತ್ರೆ ತಗೋತೀರಿ, ಇದೆಲ್ಲ ಕೇಳಲೇಬೇಕು. ಭುಜ ಬಿಗಿದುಕೊಳ್ಳೋದು ಸಕ್ಕರೆ ಇರುವವರಲ್ಲಿ ಜಾಸ್ತಿ, ಹಾಗಾಗಿ ಆ ಪ್ರಶ್ನೆ ಸುಮ್ನೆ ಕೇಳೋದಲ್ಲ. ಎಕ್ಸ್‌ರೇ, ಡಿಸ್ಚಾರ್ಜ್ ಸಮ್ಮರಿ ಹಿಂದಿನ ದಿನವೇ ವಾಟ್ಸಾಪ್ ಮಾಡಿ. ನೋವಿನ ಜಾಗವನ್ನು ಇಡೀ ಅಂಗೈಯಲ್ಲಿ ಸವರಿ ತೋರಿಸಬೇಡಿ, ಒಂದೇ ಬೆರಳಲ್ಲಿ ತೋರಿಸಿ.

ಆಮೇಲೆ ನಿಂತು, ಕೂತು, ನಡೆದು ತೋರಿಸಬೇಕು. ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ ಅಂತ ಎಣಿಸುತ್ತೇನೆ. ಕಾಲಿನ ಶಕ್ತಿ ಅಳೆಯೋಕೆ ಇದಕ್ಕೆ ಯಂತ್ರವೇ ಬೇಡ. ಕುರ್ಚಿ ಮಾತ್ರ ಪ್ಲಾಸ್ಟಿಕ್‌ದು ಬೇಡ, ಗೋಡೆಗೆ ಒತ್ತಿ ಇಟ್ಟ ಮರದ ಕುರ್ಚಿ ಆಗಬೇಕು. ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಲೇಬೇಕು, ಮಕ್ಕಳ ಕೈಯಲ್ಲಿ ಫೋನ್ ಕೊಟ್ಟು ಹೋಗೋದು ಬೇಡ. ಫೋನ್ ಅಕ್ಕಿ ಡಬ್ಬಕ್ಕೆ ಒರಗಿಸಿದರೂ ಸಾಕು, ಮಂಡಿಯ ಎತ್ತರಕ್ಕೆ, ಪಕ್ಕದಿಂದ ಕಾಣುವ ಹಾಗೆ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ನನಗೆ ಬರೀ ನೆರಳು ಕಾಣುತ್ತದೆ. ಸೀರೆ ಉಟ್ಟರೆ ಮಂಡಿಯೇ ಕಾಣಲ್ಲ, ಹಾಗಾಗಿ ಸಡಿಲವಾದ ಪ್ಯಾಂಟ್ ಒಳ್ಳೇದು. ನಡುವೆ ಕಾಲ್ ಕಟ್ ಆದರೆ ವ್ಯಾಯಾಮ ನಿಲ್ಲಿಸಿ ಕೂತುಬಿಡಬೇಕು. ಇದನ್ನು ಮೊದಲೇ ಮಾತಾಡಿಕೊಳ್ಳುತ್ತೇನೆ.

ಕರೆಂಟ್ ವಿಷಯ. ಆ ಯಂತ್ರ ಕೆಲವರಿಗೆ ಸ್ವಲ್ಪ ಹೊತ್ತು ನೋವು ತಗ್ಗಿಸುತ್ತದೆ, ಇಲ್ಲ ಅನ್ನಲ್ಲ. ಆದರೆ ನೋವಿಗೆ ಇಡುವ ಆ ಕರೆಂಟಿನಿಂದ ಮೆಟ್ಟಿಲು ಹತ್ತುವ ತ್ರಾಣ ಬರಲ್ಲ. ತ್ರಾಣ ಬರೋದು ನೀವೇ ದಿನಾ ಮಾಡುವ ವ್ಯಾಯಾಮದಿಂದ. ಅದನ್ನು ಕ್ಲಿನಿಕ್ಕಿಗೆ ಬಂದರೂ ಮನೆಯಲ್ಲೇ ಮಾಡಬೇಕು, ಅಲ್ವಾ? ಯೂಟ್ಯೂಬ್ ನೋಡಿ ಮಾಡಬಹುದಲ್ಲ ಅಂತಲೂ ಕೇಳುತ್ತಾರೆ. ಆ ವಿಡಿಯೋಗೆ ನಿಮ್ಮ ದಿಂಬು ಕಾಣಲ್ಲ. ವ್ಯಾಯಾಮದ ನಂತರ ಸ್ವಲ್ಪ ನೋವು ಸಹಜ, ಮರುದಿನ ಬೆಳಿಗ್ಗೆಗೆ ಇಳಿದಿರಬೇಕು. ಇಳಿದಿಲ್ಲ ಅಂದರೆ ಸಂಖ್ಯೆ ಕಡಿಮೆ ಮಾಡಿಸುತ್ತೇನೆ.

ಎಲ್ಲದಕ್ಕೂ ಫೋನ್ ಆಗಲ್ಲ. ಈಗಷ್ಟೇ ಪಾರ್ಶ್ವವಾಯು ಹೊಡೆದವರನ್ನು ನಿಲ್ಲಿಸಿ ನಡೆಸೋಕೆ ಪಕ್ಕದಲ್ಲಿ ಪಳಗಿದ ಕೈ ಬೇಕು. ಪದೇ ಪದೇ ತಲೆ ಸುತ್ತಿ ಬೀಳುವವರಿಗೂ ಹಾಗೆಯೇ. ಇಂಥವರಿಗೆ ನಾನೇ ಬೇಡ ಅಂತೀನಿ. ಯಾರೇ ಆಗಲಿ ಎಲ್ಲಾ ಸಮಸ್ಯೆಗೂ ಆನ್‌ಲೈನ್ ಸಾಕು ಅಂದರೆ, ಫಿಸಿಯೋಥೆರಪಿಯ ಪದವಿಗಳಾದ ಬಿಪಿಟಿ ಅಥವಾ ಎಂಪಿಟಿ ಓದಿದ್ದೀರಾ ಅಂತ ಮುಲಾಜಿಲ್ಲದೆ ಕೇಳಿ.

ಕೆಲವಕ್ಕಂತೂ ನಮ್ಮ ಕಾಲ್‌ಗೆ ಕಾಯಲೇಬಾರದು. ಆಪರೇಷನ್ ಆದ ಮೇಲೆ ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದರ ಜೊತೆ ಏದುಸಿರೋ ಎದೆನೋವೋ ಬಂದರೆ ಒಂದು ನಿಮಿಷವೂ ತಡ ಬೇಡ. ಬೆನ್ನುನೋವಿನ ಜೊತೆ ಮೂತ್ರ ಹಿಡಿತಕ್ಕೆ ಸಿಗದಿದ್ದರೆ, ಕೂರುವ ಜಾಗ ಜೋಮು ಹಿಡಿದರೆ, ಅದೂ ಹಾಗೆಯೇ. ನನಗೆ ಮೆಸೇಜ್ ಹಾಕಿ ಉತ್ತರಕ್ಕೆ ಕಾಯಬೇಡಿ, ಗಾಡಿ ಹತ್ತಿ ಸೀದಾ ಆಸ್ಪತ್ರೆಗೆ ಹೋಗಿ. ನನಗೆ ಆಮೇಲೆ ಹೇಳಿದರಾಯಿತು.