ಕಣ್ಣಂಬಾಡಿ ಬಿಟ್ಟ ಅಣ್ಣತಮ್ಮಂದಿರು: ಡಿಎನ್‌ಎ ಹುಡುಕಾಟ ಎಲ್ಲಿಗೆ ಬಂತು

ಡಿಎನ್‌ಎ ಟೆಸ್ಟ್‌ಗೆ ಅಂತ ಜನವರಿಯಲ್ಲಿ ಕಳಿಸಿದ ದೊಡ್ಡಪ್ಪನ ಸ್ಯಾಂಪಲ್ ಫೇಲ್ ಆಯ್ತು. ತಪ್ಪು ನನ್ನದೇ.

ಕಿಟ್‌ನಲ್ಲಿರುವ ಸಣ್ಣ ಕೊಳವೆಗೆ ಗೆರೆಯವರೆಗೆ ಎಂಜಲು ಉಗುಳಬೇಕು. ಅದಕ್ಕೆ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ದೊಡ್ಡಪ್ಪನಿಗೆ ಈಗ 81. ಎಲೆಅಡಿಕೆ ಇಲ್ಲದೆ ಅರ್ಧ ಗಂಟೆ ಕೂತ ನೆನಪು ಅವರಿಗೂ ಇಲ್ಲ, ನನಗೂ ಇಲ್ಲ. ಇಪ್ಪತ್ತು ನಿಮಿಷ ಹೇಗೋ ಜಗಲಿ ಮೇಲೆ ಕೂರಿಸಿದ್ದೆ. ಫೋನ್ ಬಂತು ಅಂತ ಒಳಗೆ ಹೋಗಿ ಬರೋಷ್ಟರಲ್ಲಿ ಕೊಳವೆ ತುಂಬಿತ್ತು. ಕೆಂಪಗೆ. "ಗೆರೆ ಮುಟ್ತು ಕಣ್ಲಾ ಮಗ, ಸಾಕಾ?" ಅಂದರು. ಆದದ್ದಾಗಲಿ ಅಂತ ಕಳಿಸಿದೆ. ಆರು ವಾರ ಕಾದ ಮೇಲೆ, ಇದು ಪರೀಕ್ಷೆಗೆ ಆಗಲ್ಲ ಅಂತ ಮೇಲ್ ಬಂತು. ಎರಡನೇ ಸಲ ಕೆನ್ನೆಯ ಒಳಗೆ ಕಡ್ಡಿ ಉಜ್ಜುವ ಕಿಟ್ ತರಿಸಿದೆ. ಬೆಳಗ್ಗೆ ಆರಕ್ಕೆ, ಅವರು ಹಾಸಿಗೆ ಬಿಟ್ಟು ಏಳುವ ಮೊದಲೇ ಕೆಲಸ ಮುಗಿಸಿದೆ.

ಇಷ್ಟೆಲ್ಲಾ ಯಾಕೆ ಅಂದರೆ, ನಮ್ಮ ಮನೆಯಲ್ಲಿ ಒಂದು ಮಾತಿದೆ. 1911ರಲ್ಲಿ ಕೆಆರ್‌ಎಸ್ ಕಟ್ಟೆ ಕೆಲಸ ಶುರುವಾಗಿ, ಮುಂದೆ ನೀರು ಏರಿ ಹಳೇ ಕಣ್ಣಂಬಾಡಿ ಮುಳುಗಿತಲ್ಲ, ಆಗ ನನ್ನ ಮುತ್ತಾತ ಪಾಂಡವಪುರದ ಕಡೆ ಬಂದ, ಅವನ ತಮ್ಮ ಮೈಸೂರಿನ ಕಡೆ ಹೋದ. ತಮ್ಮನ ಸುದ್ದಿ ಅಲ್ಲಿಗೆ ನಿಂತುಹೋಯಿತು. ಅದೇ ಕಥೆಯನ್ನು ಉಲ್ಟಾ ಹೇಳುವ ಒಂದು ಮನೆ ಹೋದ ವರ್ಷ ಮೈಸೂರಿನ ಒಂಟಿಕೊಪ್ಪಲಿನಲ್ಲಿ ಸಿಕ್ಕಿತು. ಮನೆದೇವರೂ ಒಂದೇ. ಆದರೆ ಮನೆದೇವರು ಒಂದೇ ಆಗಿರುವವರು ಸಾವಿರ ಜನ ಇರ್ತಾರೆ, ಅಲ್ವಾ?

ಆ ಮನೆಯ ಯಜಮಾನರು ಮೊದಲ ದಿನ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿದ್ದು ಒಂದೇ ಮಾತು: "ಯಾವ ಜಮೀನಿನ ವಿಷಯ?" ನಮ್ಮ ಕಡೆ ವಂಶವೃಕ್ಷ ಅಂದರೆ ನಾಡಕಚೇರಿ, ಪೌತಿ ಖಾತೆ. ಸುಮ್ನೆ ತಿಳಿದುಕೊಳ್ಳೋಕೆ ಅಂದರೆ ಯಾರೂ ನಂಬಲ್ಲ. ಮೂರು ಸಲ ಹೋಗಿ ಕಾಫಿ ಕುಡಿದ ಮೇಲೆ ಒಪ್ಪಿದರು. ಅದಕ್ಕೂ ಮುಂಚೆ ಅಪಾಯದ ಮಾತನ್ನೂ ಹೇಳಿದೆ. ಇಂಥದ್ದೇ ಡಿಎನ್‌ಎ ಟೆಸ್ಟ್ ಮಾಡುವ ಅಮೆರಿಕದ 23ಆಂಡ್‌ಮಿ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳವಾಗಿತ್ತು. 2025ರ ಮಾರ್ಚ್‌ನಲ್ಲಿ ಅದೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಒಬ್ಬರು ಎಂಜಲು ಕೊಟ್ಟರೆ ಮನೆಮಂದಿಯ ಗುಟ್ಟನ್ನೂ ಕೊಟ್ಟ ಹಾಗೆ. ಇದನ್ನು ಹೇಳದೆ ಯಾರಿಂದಲೂ ಸ್ಯಾಂಪಲ್ ತಗೋಬಾರದು ಅನ್ನೋದು ನನ್ನ ಅಭಿಪ್ರಾಯ.

ರಿಸಲ್ಟ್ ಬಂತು. ದೊಡ್ಡಪ್ಪ ಮತ್ತು ಮೈಸೂರಿನವರ ನಡುವೆ 318 ಸೆಂಟಿಮಾರ್ಗನ್. ಇಬ್ಬರ ಡಿಎನ್‌ಎಯಲ್ಲಿ ಒಂದೇ ಆಗಿರುವ ತುಂಡುಗಳನ್ನು ಅಳೆಯುವ ಲೆಕ್ಕ ಇದು. ಅಪ್ಪ ಮಗನಿಗೆ ಸುಮಾರು 3,500 ಬರುತ್ತೆ. ನನ್ನ ಟೆಸ್ಟ್‌ನಲ್ಲಿ ಇದೇ ಮೈಸೂರಿನವರ ಜೊತೆ ಬಂದಿದ್ದು 96 ಮಾತ್ರ. ಒಂದೊಂದು ತಲೆಮಾರು ಇಳಿದ ಹಾಗೆಲ್ಲ ತುಂಡುಗಳು ಕಳೆದುಹೋಗುತ್ತವೆ. ಅದಕ್ಕೇ ದುಡ್ಡು ಒಂದೇ ಕಿಟ್‌ಗೆ ಇದ್ದರೆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ ಮಾಡಿಸಿ. ನಾನು ಮೊದಲು ನನಗೇ ಮಾಡಿಸಿಕೊಂಡು ಕೂತಿದ್ದೆ.

ನನ್ನ ಮುತ್ತಾತ ಅಂದರೆ ದೊಡ್ಡಪ್ಪನಿಗೆ ತಾತ. ಇಬ್ಬರ ತಾತಂದಿರು ಒಡಹುಟ್ಟಿದವರಾಗಿದ್ದರೆ ಸರಾಸರಿ 229 ಬರಬೇಕು. 41ರಿಂದ 592ರವರೆಗೂ ಬಂದ ಉದಾಹರಣೆ ಇವೆ. ಹಾಗಾಗಿ 318 ಸರಿಯಾಗೇ ಇದೆ. ಆದರೂ ಸ್ವಲ್ಪ ಜಾಸ್ತಿ. ಕಂಪ್ಯೂಟರ್ ಕೊಟ್ಟ ಊಹೆಗಳೆಲ್ಲ ಒಂದಲ್ಲ ಒಂದು ಥರದ 'ಕಸಿನ್'. ಈ ಕಸಿನ್ ಅನ್ನೋ ಪದದಿಂದ ನಮಗೆ ಮೂರು ಕಾಸಿನ ಉಪಯೋಗ ಇಲ್ಲ. ದೊಡ್ಡಪ್ಪನ ಮಗನೂ ಕಸಿನ್, ಸೋದರತ್ತೆ ಮಗನೂ ಕಸಿನ್. ನಮ್ಮಲ್ಲಿ ಒಬ್ಬ ಅಣ್ಣ, ಇನ್ನೊಬ್ಬ ಬಾವ. ಒಬ್ಬನ ತಂಗಿ ನನಗೂ ತಂಗಿ, ಇನ್ನೊಬ್ಬನ ತಂಗಿಯನ್ನು ಮದುವೆಯಾಗಬಹುದು.

ಅಲ್ಲೇ ತಲೆಗೆ ಹೊಳೆಯಿತು: ಸಂಬಂಧದಲ್ಲೇ ಮದುವೆ ಆಗಿದ್ದಕ್ಕೆ ಸಂಖ್ಯೆ ಜಾಸ್ತಿ ಬಂದಿರಬಹುದಾ? ದೊಡ್ಡಪ್ಪನ ಹತ್ತಿರ ಹೋಗಿ, "ನಿಮ್ಮ ಅವ್ವನ ಅವ್ವ ಯಾರು?" ಅಂದೆ.

"ನಮ್ಮಪ್ಪನ ಅಕ್ಕ. ಯಾಕ್ಲಾ, ನಿಂಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ! ನನ್ನ ತಾತ, ಅಂದರೆ ದೊಡ್ಡಪ್ಪನ ಅಪ್ಪ, ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಹೇಳಿರಲಿಲ್ಲ. ದೊಡ್ಡಪ್ಪ ಹುಡುಗರಾಗಿದ್ದಾಗ ಎತ್ತಿನ ಮೇಲೆ ಕೂತು ಹೆಳವ ಬರುತ್ತಿದ್ದನಂತೆ. ಗಂಟೆ ಬಾರಿಸಿ, ವಂಶ ಹೇಳಿ, ರಾಗಿ ಹಾಕಿಸಿಕೊಂಡು ಹೋಗುತ್ತಿದ್ದ. ಅವನು ಹೇಳುತ್ತಿದ್ದುದು ಬರೀ ಗಂಡಸರ ಹೆಸರು. ನಾಲ್ಕು ವರ್ಷದಿಂದ ನಾನು ತುಂಬುತ್ತಿರುವ ಎಕ್ಸೆಲ್ ಶೀಟೂ ಹಾಗೇ ಇದೆ. ಆ ಅಕ್ಕನಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಈಗ ಲೆಕ್ಕ ನೋಡಿ. ಮುತ್ತಾತನ ರಕ್ತ ದೊಡ್ಡಪ್ಪನಿಗೆ ಎರಡು ದಾರಿಯಲ್ಲಿ ಬಂದಿದೆ. ಅಪ್ಪನಿಂದ ಒಂದು. ಅವ್ವನಿಂದ ಇನ್ನೊಂದು, ಅದರಲ್ಲಿ ಒಂದು ತಲೆಮಾರು ಜಾಸ್ತಿ, ಹಾಗಾಗಿ ಅರ್ಧ. 229ಕ್ಕೆ ಅದರ ಅರ್ಧ ಸೇರಿಸಿದರೆ 340ರ ಹತ್ತಿರ. ನಮಗೆ ಬಂದದ್ದು 318. ಇದೇ ಸಾಕ್ಷಿ ಅಂತ ಹೇಳಲ್ಲ, ಇಂಥ ಮದುವೆ ಇಲ್ಲದೆಯೂ ಆ ಸಂಖ್ಯೆ ಬರಬಹುದಿತ್ತು. ಆದರೆ ಆ ಸಂಖ್ಯೆ ನೋಡದೆ ಇದ್ದಿದ್ದರೆ ಈ ಪ್ರಶ್ನೆ ನಾನು ಕೇಳುತ್ತಲೇ ಇರಲಿಲ್ಲ. ಸೋದರಮಾವ, ಅತ್ತೆ ಮಗಳು ಅಂತ ಮದುವೆ ನಡೆದಿರುವ ನಮ್ಮಂಥ ಮನೆಗಳಲ್ಲಿ ಸೆಂಟಿಮಾರ್ಗನ್ ಸಾಮಾನ್ಯವಾಗಿ ಸ್ವಲ್ಪ ಉಬ್ಬಿರುತ್ತೆ. ದೂರದವರೂ ಹತ್ತಿರದವರ ಹಾಗೆ ಕಾಣ್ತಾರೆ.

ಈಗ ಉಳಿದಿರೋದು ವೈ ಟೆಸ್ಟ್. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಇಳಿಯುತ್ತೆ. ನಮ್ಮ ಮಾತಲ್ಲಿ ಹೇಳೋದಾದರೆ ದಾಯಾದಿ ಟೆಸ್ಟ್. ಹೊಂದದಿದ್ದರೆ ಗಂಡಸರ ಸಾಲಿನ ಕಥೆ ಅಲ್ಲಿಗೆ ಮುಗಿಯಿತು. ಹೊಂದಿದರೂ ಅಣ್ಣತಮ್ಮ ಅಂತ ಖಚಿತ ಆಗಲ್ಲ, ನಾಲ್ಕು ನೂರು ವರ್ಷ ಹಿಂದಿನ ಮೂಲಪುರುಷನೂ ಅದೇ ವೈ ಕೊಟ್ಟಿರಬಹುದು. ಇಬ್ಬರದೂ ಹೋದ ವಾರ ಕಳಿಸಿದ್ದೇನೆ. ಈ ಸಲ ಎಲೆಅಡಿಕೆ ತಟ್ಟೆ ನನ್ನ ಕೈಯಲ್ಲೇ ಇತ್ತು.

ಇಷ್ಟನ್ನೂ ವಿವರಿಸಿ ಹೇಳಿದ ಮೇಲೆ ದೊಡ್ಡಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವ್ರ ಮನೇಲಿ ಸಾವಾದ್ರೆ ನಮ್ಗೂ ಸೂತ್ಕ ತಾನೇ?" ಅಂದರು.

"ವೈ ರಿಸಲ್ಟ್ ಬರಲಿ ದೊಡ್ಡಪ್ಪ, ನೋಡೋಣ."

"ಎಷ್ಟು ದಿನ ಆಯ್ತದೆ?"

"ಎರಡು ತಿಂಗಳು ಅಂದಿದ್ದಾರೆ."

"ಅಲ್ಲೀಗಂಟ ಯಾರೂ ಹೋಗ್ಬೇಡಿ ಅಂತ ಫೋನ್ ಮಾಡಿ ಹೇಳ್ಬುಡು."